ಕಲಾಕೃತಿ ಉಳಿಸುವ ವಿದ್ಯೆ ಕಲಿಯಲು ಲಕ್ನೋ, ದೆಹಲಿಗೇ ಹೋಗಬೇಕಾ? ಮೈಸೂರಿನಲ್ಲಿ ಯಾಕಿಲ್ಲ?

ತೀರ್ಥಹಳ್ಳಿಯವಳು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಕೆಮಿಸ್ಟ್ರಿ ಅಂದ್ರೆ ಇಷ್ಟ. ಜೊತೆಗೆ ಮೈಸೂರು ಶೈಲಿಯ ಚಿತ್ರ ಬರೆಯುವುದನ್ನು ಗುರುಗಳ ಹತ್ತಿರ ಕಲಿತಿದ್ದಾಳೆ. ಎಂಎಸ್ಸಿ ಮುಗಿಸಿ ಯಾವುದಾದರೂ ಔಷಧ ಕಂಪನಿ ಸೇರುತ್ತಾಳೆ ಅಂದುಕೊಂಡಿದ್ದೆವು. ಈಗ ಹಳೆಯ ಚಿತ್ರ, ಓಲೆಗರಿ, ವಿಗ್ರಹಗಳನ್ನು ಉಳಿಸುವ ಕೆಲಸ ಕಲಿಯುತ್ತೇನೆ ಎನ್ನುತ್ತಿದ್ದಾಳೆ. ಲಕ್ನೋದಲ್ಲಿ ಇದಕ್ಕೆ ಕೇಂದ್ರ ಸರ್ಕಾರದ ಸಂಸ್ಥೆ ಇದೆಯಂತೆ. ಅದರದೇ ಒಂದು ಶಾಖೆ ಮೈಸೂರಿನಲ್ಲಿ ಇದೆಯಂತೆ.

ನನ್ನ ಪ್ರಶ್ನೆ ಇಷ್ಟು. ಯಾವ ಕೋರ್ಸ್ ಒಳ್ಳೆಯದು? ಮೈಸೂರಿನಲ್ಲೇ ಕಲಿಯಬಹುದಾ? ಮುಂದೆ ಕೆಲಸ ಸಿಗುತ್ತದಾ? ನಾನು ಬೇಡ ಅನ್ನುವವಳಲ್ಲ. ಆದರೆ ಮನೆಯಲ್ಲಿ ಹಿರಿಯರು ಕೇಳಿದರೆ ಉತ್ತರ ಕೊಡುವಷ್ಟು ತಿಳಿದುಕೊಳ್ಳಬೇಕು.

ಓಲೆಗರಿ:

ನಾನು ಇದೇ ಕ್ಷೇತ್ರದಲ್ಲಿ ಇದ್ದೇನೆ ಮೇಡಂ. ಕಾಗದ ಮತ್ತು ಓಲೆಗರಿ ನನ್ನ ವಿಭಾಗ.

ಲಕ್ನೋದಲ್ಲಿ ಇರುವುದು ಸಾಂಸ್ಕೃತಿಕ ಸ್ವತ್ತುಗಳ ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯ. ನಾವೆಲ್ಲ ಎನ್‌ಆರ್‌ಎಲ್‌ಸಿ ಅಂತಲೇ ಕರೆಯುತ್ತೇವೆ. 1976ರಲ್ಲಿ ಶುರುವಾಯಿತು. ಕೇಂದ್ರ ಸಂಸ್ಕೃತಿ ಸಚಿವಾಲಯದ ಕೆಳಗೆ ಬರುತ್ತದೆ. ಓ.ಪಿ. ಅಗ್ರವಾಲ್ ಅವರು ಮೊದಲ ನಿರ್ದೇಶಕರು. ಅದಕ್ಕೂ ಮುಂಚೆ ಅವರು ದೆಹಲಿಯ ನ್ಯಾಷನಲ್ ಮ್ಯೂಸಿಯಂನ ಸಂರಕ್ಷಣಾ ಪ್ರಯೋಗಾಲಯದಲ್ಲಿ ಇದ್ದವರು. ಮ್ಯೂಸಿಯಂಗಳಿಗೆ ಸಲಹೆ, ವಸ್ತುಗಳ ಚಿಕಿತ್ಸೆ, ಸಂಶೋಧನೆ, ತರಬೇತಿ ಇವೆಲ್ಲ ಅಲ್ಲಿ ನಡೆಯುತ್ತವೆ. ದಕ್ಷಿಣದ ರಾಜ್ಯಗಳಿಗೆ ಅನುಕೂಲವಾಗಲಿ ಅಂತ 1987ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಪ್ರಯೋಗಾಲಯ ತೆರೆದರು.

ಆದರೆ ಒಂದು ವಿಷಯ ಗಮನಿಸಿ. ಇದು ಪ್ರಯೋಗಾಲಯ, ವಿಶ್ವವಿದ್ಯಾಲಯವಲ್ಲ. ಲಕ್ನೋದ ಹೆಸರಾದ ತರಬೇತಿ ಅಂದ್ರೆ ಆರು ತಿಂಗಳದ್ದು. ಮ್ಯೂಸಿಯಂ, ಆರ್ಕೈವ್ಸ್ ಇಂಥ ಕಡೆ ಆಗಲೇ ಕೆಲಸ ಮಾಡುವವರಿಗೆ ಅದು ತುಂಬಾ ಉಪಯೋಗ. ನಿಮ್ಮ ಮಗಳಿಗೆ ಪದವಿ ಬೇಕು ಅಂದ್ರೆ ದೆಹಲಿ ಕಡೆ ನೋಡಬೇಕು. ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅಂತ 1989ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. ಆಗ ಜನಪಥದ ಮ್ಯೂಸಿಯಂ ಕಟ್ಟಡದಲ್ಲೇ ಇತ್ತು. ಈಗ ನೊಯ್ಡಾದಲ್ಲಿ ಇದೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಅಂತ ಹೆಸರು. ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಮೂರೂ ಇವೆ. ಸಂರಕ್ಷಣೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಆಮೇಲೆ ಪಿಎಚ್‌ಡಿ. ವಿಜ್ಞಾನ ಓದಿದವರು ಅಲ್ಲಿಗೆ ಬೇಕು. ಕೆಮಿಸ್ಟ್ರಿ ಇರುವುದು ಅವಳಿಗೆ ದೊಡ್ಡ ಅನುಕೂಲ.

ಹಳೇಬೀಡು_ಮೇಷ್ಟ್ರು:

ಪ್ರಶ್ನೆ ಕೇಳಿದ ತಾಯಿಗೆ ಧನ್ಯವಾದ. ನನಗೂ ಒಂದು ಅನುಮಾನ. ಆರು ತಿಂಗಳು ಸಾಕಾ? ನಾನು ಇತಿಹಾಸ ಪಾಠ ಮಾಡುವವನು. ನಮ್ಮ ಕಡೆಯ ಚಿಕ್ಕ ಚಿಕ್ಕ ಗುಡಿಗಳಲ್ಲಿ ಬಳಪದ ಕಲ್ಲಿನ ಶಿಲ್ಪಗಳಿಗೆ ಎಣ್ಣೆ ಬಣ್ಣ ಬಳಿದದ್ದು, ಬಿರುಕಿಗೆ ಸಿಮೆಂಟ್ ತುಂಬಿದ್ದು ನೋಡಿ ಹೊಟ್ಟೆ ಉರಿಯುತ್ತದೆ. ಅದನ್ನು ಸರಿಮಾಡುವ ಮನುಷ್ಯ ಆರು ತಿಂಗಳಲ್ಲಿ ತಯಾರಾಗುತ್ತಾನಾ?

ಓಲೆಗರಿ:

ಇಲ್ಲ ಮೇಷ್ಟ್ರೇ, ಸಾಕಾಗುವುದಿಲ್ಲ. ಆರು ತಿಂಗಳಲ್ಲಿ ಏನು ಮಾಡಬಾರದು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಅದೇನೂ ಸಣ್ಣ ಲಾಭವಲ್ಲ. ಒಂದು ಮ್ಯೂಸಿಯಂನಲ್ಲಿ ಅಷ್ಟು ತಿಳಿದ ಒಬ್ಬರು ಇದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ. ಆದರೆ ಕೈ ಪಳಗಲು ವರ್ಷಗಳು ಬೇಕು.

ನೀವು ಹೇಳಿದ ಸಿಮೆಂಟ್ ವಿಷಯವನ್ನೇ ತೆಗೆದುಕೊಳ್ಳಿ. ಸಿಮೆಂಟ್ ಹಳೆಯ ಗಾರೆಗಿಂತ ಗಟ್ಟಿ. ನೀರನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಒಳಗೆ ಸೇರಿದ ನೀರು ಆಗ ಪಕ್ಕದ ಕಲ್ಲಿನ ಮೂಲಕ ಹೊರಗೆ ಬರುತ್ತದೆ. ಜೊತೆಗೆ ಉಪ್ಪನ್ನೂ ತರುತ್ತದೆ. ನೀರು ಆರಿದಾಗ ಉಪ್ಪು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಅದನ್ನು ಒಡೆಯುತ್ತದೆ. ಅಂದ್ರೆ ರಿಪೇರಿ ಮಾಡಿದ ಜಾಗ ಗಟ್ಟಿಯಾಗಿ ಉಳಿಯುತ್ತದೆ, ಹಳೆಯ ಶಿಲ್ಪ ಉದುರುತ್ತದೆ. ಸುಣ್ಣದ ಗಾರೆ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಇದು ಪುಸ್ತಕದಲ್ಲಿ ಓದಿದರೆ ಅರ್ಥವಾಗುತ್ತದೆ. ಆದರೆ ಸುಣ್ಣ ಅರಳಿಸಿ, ಕಲಸಿ, ಹದ ನೋಡಿ ತುಂಬುವುದು ಕೈಯಿಂದಲೇ ಬರಬೇಕು.

ರೋಮ್_ಕನ್ನಡಿಗ:

ಇಲ್ಲಿನ ವ್ಯವಸ್ಥೆ ಹೇಳಿದರೆ ಹೋಲಿಸಲು ಅನುಕೂಲ ಆಗಬಹುದು. ರೋಮ್‌ನಲ್ಲಿ ಇದಕ್ಕೆಂದೇ ಕೇಂದ್ರ ಸಂಸ್ಥೆ ಇದೆ. 1939ರಲ್ಲಿ ಶುರುವಾದದ್ದು. ಜೂಲಿಯೊ ಕಾರ್ಲೊ ಅರ್ಗಾನ್ ಅವರ ಯೋಚನೆ, ಚೇಸರೆ ಬ್ರಾಂದಿ ಮೊದಲ ನಿರ್ದೇಶಕರು. ಓದು ಐದು ವರ್ಷ. ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಯುವ ಪರೀಕ್ಷೆ ಇರುತ್ತದೆ, ಬಣ್ಣ ಹೊಂದಿಸುವ ಪರೀಕ್ಷೆಯೂ ಇರುತ್ತದೆ. ವಿಜ್ಞಾನವನ್ನೂ ಕೇಳುತ್ತಾರೆ. ಕಲ್ಲು ಮತ್ತು ಗೋಡೆ ಚಿತ್ರ ಒಂದು ದಾರಿ, ಕ್ಯಾನ್ವಾಸ್ ಮತ್ತು ಮರ ಇನ್ನೊಂದು, ಬಟ್ಟೆ ಮತ್ತು ತೊಗಲು ಮತ್ತೊಂದು, ಹೀಗೆ ಬೇರೆ ಬೇರೆ ದಾರಿಗಳಿವೆ. ಒಂದನ್ನು ಆರಿಸಿಕೊಳ್ಳಬೇಕು. ಐದು ವರ್ಷ ಮುಗಿಸಿ ಪಾಸಾದವರಿಗೆ ಮಾತ್ರ ರೆಸ್ಟೋರರ್ ಅಂತ ಕಾನೂನಿನ ಮಾನ್ಯತೆ. ಸರ್ಕಾರಿ ಆಸ್ತಿಯ ಚಿತ್ರವನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ಒಳಗೆ ಹೋದ ಮೇಲೆ ಪಾಠದಷ್ಟೇ ಸಮಯ ನಿಜವಾದ ವಸ್ತುಗಳ ಮೇಲೆ, ಗುರುಗಳ ಕಣ್ಣೆದುರು ಕೆಲಸ. ನಮ್ಮಲ್ಲಿ ಇದಕ್ಕೆ ಸಮನಾದದ್ದು ಇಲ್ಲ ಅನ್ನುವುದು ನನಗೆ ಬೇಸರದ ವಿಷಯ. ನಮ್ಮ ದೇಶದಲ್ಲಿ ಉಳಿಸಬೇಕಾದ್ದು ಇಟಲಿಗಿಂತ ಕಮ್ಮಿ ಇಲ್ಲ.

ಹಳೇಬೀಡು_ಮೇಷ್ಟ್ರು:

ಇಟಲಿ ಮಾತು ಬಂತಲ್ಲ, ಅಜಂತಾ ವಿಷಯ ಹೇಳದೆ ಇರಲಾರೆ.

1920ರಲ್ಲಿ ಅಜಂತಾ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಚಿತ್ರಗಳು ಉದುರುತ್ತಿದ್ದವು. ನಿಜಾಮರು ಹಣ ಖರ್ಚು ಮಾಡಿ ಇಟಲಿಯಿಂದ ಇಬ್ಬರು ತಜ್ಞರನ್ನು ಕರೆಸಿದರು. ಲೊರೆಂಜೊ ಚೆಕ್ಕೋನಿ ಮತ್ತು ಕೌಂಟ್ ಓರ್ಸಿನಿ. ಅವರು ಕಿತ್ತು ಬರುತ್ತಿದ್ದ ಗಿಲಾವನ್ನು ಗೋಡೆಗೆ ಹಿಡಿದು ನಿಲ್ಲಿಸಿದರು. ಆ ಕೆಲಸಕ್ಕೆ ಅವರಿಗೆ ಋಣಿಯಾಗಿರಬೇಕು. ಆದರೆ ಚಿತ್ರದ ಮೇಲೆ ಅರಗಿನ ವಾರ್ನಿಷ್ ಬಳಿದರು. ಆಗ ಬಣ್ಣ ಹೊಳೆಯಿತು. ವರ್ಷಗಳು ಕಳೆದಂತೆ ವಾರ್ನಿಷ್ ಹಳದಿ ಆಯಿತು, ಕಂದು ಆಯಿತು, ಧೂಳು ಹಿಡಿಯಿತು. ಬಿಗಿದುಕೊಂಡು ಕೆಳಗಿನ ಬಣ್ಣದ ಪದರವನ್ನೇ ಎಳೆಯತೊಡಗಿತು. 1953ರಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಜಂತಾವನ್ನು ವಹಿಸಿಕೊಂಡಿತು. ಆಮೇಲೆ ದಶಕಗಳ ಕಾಲ ಅದರ ರಸಾಯನ ತಜ್ಞರು ಆ ವಾರ್ನಿಷ್ ತೆಗೆಯುವುದರಲ್ಲೇ ಬೆವರು ಹರಿಸಿದ್ದಾರೆ.

ರೋಮ್‌ನವರು ಹೇಳಿದ ವರ್ಷ ನೋಡಿ. 1939. ಅಂದ್ರೆ ಅಜಂತಾಕ್ಕೆ ಬಂದವರ ಕಾಲದಲ್ಲಿ ಇಟಲಿಯಲ್ಲೂ ಆ ಕೇಂದ್ರ ಸಂಸ್ಥೆ ಇರಲಿಲ್ಲ.

ಓಲೆಗರಿ:

ಮೇಷ್ಟ್ರೇ, ನನ್ನ ಮನಸ್ಸಿನಲ್ಲಿ ಇದ್ದದ್ದೇ ಹೇಳಿದಿರಿ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಚೆಕ್ಕೋನಿ ಅವರ ಕೈಯಲ್ಲಿ ಕಸುಬು ಇತ್ತು. ಆದರೆ ಅಜಂತಾದ ಗೋಡೆ ಅವರ ಊರಿನ ಗೋಡೆ ಅಲ್ಲ. ಇಟಲಿಯ ಫ್ರೆಸ್ಕೋದಲ್ಲಿ ಹಸಿ ಸುಣ್ಣದ ಮೇಲೆ ಬಣ್ಣ ಹಾಕುತ್ತಾರೆ. ಸುಣ್ಣ ಒಣಗುವಾಗ ಬಣ್ಣ ಅದರೊಳಗೆ ಸೇರಿಬಿಡುತ್ತದೆ. ಅಜಂತಾದಲ್ಲಿ ಮಣ್ಣು, ಭತ್ತದ ಹೊಟ್ಟು, ಗಿಡದ ನಾರು ಕಲಸಿ ಗಿಲಾವು ಮಾಡಿದ್ದಾರೆ. ಮೇಲೆ ತೆಳ್ಳಗೆ ಸುಣ್ಣ. ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ. ಇಂಥ ಪದರ ನೀರಿಗೂ ಹೆದರುತ್ತದೆ, ಬಿಗಿಯುವ ವಾರ್ನಿಷ್‌ಗೂ ಹೆದರುತ್ತದೆ. ನಾರು ಹೊಟ್ಟು ಇರುವುದರಿಂದ ಹುಳವೂ ಬರುತ್ತದೆ.

ಅದಕ್ಕೇ ನಾನು ಪದೇ ಪದೇ ಹೇಳುವುದು. ಈ ವಿದ್ಯೆಯನ್ನು ನಮ್ಮ ವಸ್ತುಗಳ ಮೇಲೆ, ನಮ್ಮ ಹವೆಯಲ್ಲಿ ಕಲಿಯಬೇಕು. ಕರ್ನಾಟಕದಲ್ಲಿ ಏನೇನಿದೆ ನೋಡಿ. ಬಳಪದ ಕಲ್ಲು, ಗ್ರಾನೈಟ್, ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ, ತೊಗಲು ಗೊಂಬೆ, ಕಿನ್ನಾಳದ ಮರದ ಬೊಂಬೆ, ಪಂಚಲೋಹದ ವಿಗ್ರಹ, ಓಲೆಗರಿ, ಗೆಸ್ಸೊ (ಬಿಳಿ ಪುಡಿ, ಅಂಟು ಸೇರಿಸಿ ಮಾಡಿದ ಉಬ್ಬು ಲೇಪ) ಇರುವ ಮೈಸೂರು ಚಿತ್ರ. ಕರಾವಳಿಯ ಮಳೆಗಾಲದ ತೇವ ಬೇರೆ, ಕಲಬುರಗಿಯ ಬೇಸಿಗೆ ಬೇರೆ. ದೆಹಲಿಯ ತರಗತಿಯಲ್ಲಿ ಕೂತು ಇವನ್ನೆಲ್ಲ ಕಲಿಯಲು ಆಗುವುದಿಲ್ಲ. ಮೈಸೂರಿನ ಪ್ರಯೋಗಾಲಯ 1987ರಿಂದ ಇದೆ. ಅದೇ ಊರಿನಲ್ಲಿ ವಿಶ್ವವಿದ್ಯಾಲಯ ಇದೆ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳಿವೆ. ಈ ನಾಲ್ಕನ್ನೂ ಸೇರಿಸಿ ಪೂರ್ಣ ಪದವಿ ಕೊಡುವ ಶಾಲೆ ಮಾಡಲು ಮೈಸೂರಿಗಿಂತ ಒಳ್ಳೆಯ ಜಾಗ ದಕ್ಷಿಣದಲ್ಲಿ ನನಗಂತೂ ಕಾಣುವುದಿಲ್ಲ.

ಕುಂಚದ_ಮನೆ:

ನಾನು ಚಿತ್ರಗಾರರ ಮನೆಯವನು. ಅಜ್ಜ, ಅಪ್ಪ ಎಲ್ಲರೂ ಇದೇ ಕೆಲಸ. ಇಷ್ಟು ಹೊತ್ತು ಓದಿದೆ. ಕೆಮಿಸ್ಟ್ರಿ, ಪದವಿ, ಪ್ರಯೋಗಾಲಯ ಎಲ್ಲ ಸರಿ. ನಮ್ಮ ಹೆಸರು ಯಾರೂ ಎತ್ತಲಿಲ್ಲವಲ್ಲ?

ದೇವಸ್ಥಾನದ ಗೋಡೆ ಚಿತ್ರ ಮಾಸಿದರೆ ಊರವರು ನಮ್ಮ ಅಜ್ಜನನ್ನು ಕರೆಯುತ್ತಿದ್ದರು. ಅವರು ಮತ್ತೆ ಬರೆಯುತ್ತಿದ್ದರು. ದೇವರ ಮುಖ ಅಳಿಸಿದ್ದರೆ ಹಾಗೇ ಬಿಡುತ್ತಿರಲಿಲ್ಲ. ಈಗಿನ ಸಂರಕ್ಷಣೆಯವರು ಬಂದು ಅಳಿಸಿದ ಜಾಗಕ್ಕೆ ಬೂದು ಬಣ್ಣ ಹಚ್ಚಿ ಹೋಗುತ್ತಾರೆ. ಮ್ಯೂಸಿಯಂನಲ್ಲಿ ಅದು ನಡೆಯುತ್ತದೆ. ದಿನಾ ದೀಪ ಹಚ್ಚುವ ಗುಡಿಯಲ್ಲಿ ಕಣ್ಣಿಲ್ಲದ ದೇವರಿಗೆ ಯಾರು ಕೈ ಮುಗಿಯುತ್ತಾರೆ? ಚಿತ್ರ ಇರುವುದು ಭಕ್ತರಿಗೆ ಅಲ್ವಾ?

ಹಳೇಬೀಡು_ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಸುಲಭದ ಉತ್ತರ ಇಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಎಲ್ಲರೂ ನೋಡಿರುತ್ತೀರಿ. 1784ರ ಕಟ್ಟಡ. ಪಡುಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ಆ ಗೋಡೆಗೆ ಮಧ್ಯೆ ಸುಣ್ಣ ಬಳಿದಿದ್ದರು. ಆಮೇಲೆ ಮತ್ತೆ ಬರೆಸಿದರು. ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ, 1850ರ ದಶಕದಲ್ಲಿ, ಇನ್ನೊಮ್ಮೆ ಬರೆಸಿದರು. ಈಗ ನಾವು ನೋಡುವುದರಲ್ಲಿ ಟಿಪ್ಪುವಿನ ಕಾಲದ ಗೆರೆ ಯಾವುದು, ಆಮೇಲಿನ ಕೈ ಯಾವುದು ಅಂತ ಹೇಳುವುದು ಕಷ್ಟ. ಮತ್ತೆ ಬರೆಸಿದ್ದರಿಂದ ಚಿತ್ರ ನಮಗೆ ಉಳಿಯಿತು. ಅದೇ ಕಾರಣಕ್ಕೆ ಮೂಲದ ಗೆರೆ ಕೈತಪ್ಪಿತು. ಮಕ್ಕಳನ್ನು ಕರೆದುಕೊಂಡು ಹೋದಾಗ ಎರಡನ್ನೂ ಹೇಳುತ್ತೇನೆ.

ಕುಂಚದ_ಮನೆ:

ಎರಡನ್ನೂ ಹೇಳುತ್ತೀರಲ್ಲ, ಅದು ನ್ಯಾಯ. ಆದರೆ ಗುಡಿಯ ಪ್ರಶ್ನೆಗೆ ಇದು ಉತ್ತರ ಆಗಲಿಲ್ಲ.

ರಸಾಯನಿ:

ನಾನು ಗೋಡೆ ಚಿತ್ರಗಳ ಮೇಲೆ ಕೆಲಸ ಮಾಡಿದ್ದೇನೆ. ಉತ್ತರ ಕೊಡಲು ನೋಡುತ್ತೇನೆ ಅಣ್ಣ.

ಮೊದಲಿಗೆ ತಂಜಾವೂರು. ಬೃಹದೀಶ್ವರ ದೇವಸ್ಥಾನದ ಗರ್ಭಗುಡಿ ಸುತ್ತಿನ ಕತ್ತಲೆ ಓಣಿಯಲ್ಲಿ ನಾಯಕರ ಕಾಲದ ಚಿತ್ರಗಳಿದ್ದವು. 1931ರಲ್ಲಿ ಎಸ್.ಕೆ. ಗೋವಿಂದಸ್ವಾಮಿ ಅವರು ಅದರ ಅಡಿಯಲ್ಲಿ ಚೋಳರ ಕಾಲದ ಚಿತ್ರ ಇರುವುದನ್ನು ಕಂಡರು. ಸಾವಿರ ವರ್ಷ ಹಳೆಯದು. ಮೇಲಿನದನ್ನು ಕೆರೆದು ಹಾಕಿದ್ದರೆ ಕೆಳಗಿನದು ಸಿಗುತ್ತಿತ್ತು, ನಾಯಕರ ಚಿತ್ರ ಹೋಗುತ್ತಿತ್ತು. ಆಮೇಲೆ ಪುರಾತತ್ವ ಇಲಾಖೆಯ ರಸಾಯನ ವಿಭಾಗದವರು ಮೇಲಿನ ಪದರವನ್ನು ಗಿಲಾವಿನ ಸಮೇತ ಬಿಡಿಸಿ ತೆಗೆದು ಫೈಬರ್ ಗ್ಲಾಸ್ ಹಲಗೆಯ ಮೇಲೆ ಕೂರಿಸಿದರು. ಎರಡೂ ಉಳಿದವು. ಎರಡು ಪದರದ ನಡುವಿನ ಅಂಟು ಎಷ್ಟು ಬಲ, ಎಷ್ಟು ತೇವ ತಡೆಯುತ್ತದೆ, ಎಲ್ಲಿ ಕೈ ನಿಲ್ಲಿಸಬೇಕು ಇಷ್ಟೆಲ್ಲ ತಿಳಿದವರು ಇದ್ದದ್ದರಿಂದ ಆಯಿತು. ಆ ವಿಭಾಗ ಶುರುವಾಗಿದ್ದು 1917ರಲ್ಲಿ, ಮೊಹಮ್ಮದ್ ಸನಾ ಉಲ್ಲಾ ಎಂಬ ಒಬ್ಬ ರಸಾಯನ ತಜ್ಞರಿಂದ. ಈಗ ಅದರ ಮುಖ್ಯ ಕಚೇರಿ ಡೆಹ್ರಾಡೂನ್‌ನಲ್ಲಿದೆ.

ಇನ್ನು ನಿಮ್ಮ ಮಾತು. ಪೂಜೆ ನಡೆಯುವ ಗುಡಿಯಲ್ಲಿ ಮುಖ ತುಂಬಬೇಕಾದರೆ ತುಂಬಬಹುದು. ಇಟಲಿಯಲ್ಲಿ ಬ್ರಾಂದಿ ಕಾಲದಿಂದ ಒಂದು ಪದ್ಧತಿ ಇದೆ. ಕಳೆದುಹೋದ ಜಾಗವನ್ನು ನೀರಿನ ಬಣ್ಣದ ಸಣ್ಣ ಸಣ್ಣ ನೇರ ಗೆರೆಗಳಿಂದ ತುಂಬುತ್ತಾರೆ. ಭಕ್ತರು ನಿಲ್ಲುವಷ್ಟು ದೂರದಿಂದ ಮುಖ ಪೂರ್ತಿಯಾಗಿ ಕಾಣುತ್ತದೆ. ಹತ್ತಿರ ಹೋದರೆ ಇದು ಹೊಸ ಕೈ ಅಂತ ತಿಳಿಯುತ್ತದೆ. ಬೇಡವಾದರೆ ನಾಳೆ ಒರೆಸಿ ತೆಗೆಯಬಹುದು. ಮೂಲ ಬಣ್ಣದ ಒಂದು ಚುಕ್ಕೆಯನ್ನೂ ಮುಚ್ಚುವುದಿಲ್ಲ. ಆ ಗೆರೆ ಎಳೆಯಲು ನಿಮ್ಮಂಥವರ ಕೈ ಬೇಕು. ಕೆಮಿಸ್ಟ್ರಿ ಮಾತ್ರ ಓದಿದ ನನ್ನಿಂದ ಆ ಮುಖದ ಭಾವ ಬರುವುದಿಲ್ಲ. ಇದನ್ನು ನಾಚಿಕೆ ಇಲ್ಲದೆ ಹೇಳುತ್ತೇನೆ.

ಕುಂಚದ_ಮನೆ:

ಈ ಮಾತು ಒಪ್ಪಿದೆ. ಹಾಗಿದ್ದರೆ ಮೈಸೂರಿನಲ್ಲಿ ಶಾಲೆ ಆದರೆ ಅದರಲ್ಲಿ ಚಿತ್ರಗಾರರೂ ಪಾಠ ಮಾಡಬೇಕು. ಪದವಿ ಇಲ್ಲ ಅಂತ ಹೊರಗೆ ನಿಲ್ಲಿಸಬಾರದು. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡುವುದು, ಸಫೇದಕ್ಕೆ ಅಂಟು ಹದವಾಗಿ ಸೇರಿಸಿ ಗೆಸ್ಸೊ ಎತ್ತುವುದು, ಅದರ ಮೇಲೆ ಚಿನ್ನದ ರೇಕು ಕೂರಿಸುವುದು ಇವೆಲ್ಲ ಗೊತ್ತಿಲ್ಲದವರು ಮೈಸೂರು ಚಿತ್ರವನ್ನು ಹೇಗೆ ರಿಪೇರಿ ಮಾಡುತ್ತಾರೆ? ತಂಜಾವೂರು ಚಿತ್ರದ ಹಾಗೆ ದಪ್ಪಗೆ ಎತ್ತಿದ್ದಲ್ಲ ನಮ್ಮದು. ತೆಳ್ಳಗೆ ಇರುತ್ತದೆ. ಒಂದು ಹತ್ತಿ ಉಂಡೆ ಒದ್ದೆ ಮಾಡಿ ಉಜ್ಜಿದರೂ ಹೋಗಿಬಿಡುತ್ತದೆ.

ರಸಾಯನಿ:

ನೂರಕ್ಕೆ ನೂರು ಒಪ್ಪುತ್ತೇನೆ. ಸಫೇದ ಅಂದಿರಲ್ಲ, ತೀರ್ಥಹಳ್ಳಿಯ ಅಮ್ಮನ ಮಗಳಿಗೆ ಇಷ್ಟವಾಗುವ ಒಂದು ವಿಷಯ ಹೇಳುತ್ತೇನೆ. ಹಳೆಯ ಬಿಳಿ ಬಣ್ಣ ಸೀಸದ್ದು. ಗಾಳಿಯಲ್ಲಿ ಗಂಧಕದ ಅನಿಲ ಇದ್ದರೆ ಅದು ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ದೇವರ ಬಿಳಿ ಹಾರ ಕಪ್ಪು ಹಾರ ಆಗಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ತಗುಲಿಸಿದರೆ ಆ ಕಪ್ಪು ಸೀಸದ ಸಲ್ಫೇಟ್ ಆಗುತ್ತದೆ. ಅದು ಬಿಳಿ. ಬಿಎಸ್ಸಿ ಹುಡುಗಿಗೆ ಸಮೀಕರಣ ಬರೆಯಲು ಒಂದು ನಿಮಿಷ ಸಾಕು. ಆದರೆ ಪಕ್ಕದ ಗೋಂದಿನ ಬಣ್ಣಕ್ಕೆ ಒಂದು ಹನಿಯೂ ಸೋಕದಂತೆ ಮಾಡಬೇಕಲ್ಲ, ವಿದ್ಯೆ ಇರುವುದು ಅಲ್ಲಿ. ಎಷ್ಟೋ ಸಲ ಏನೂ ಮಾಡದೆ ಹಾಗೇ ಬಿಡುವುದು ಸರಿ ಅಂತ ತೀರ್ಮಾನಿಸಬೇಕಾಗುತ್ತದೆ.

ಉಡುಪಿ_ಸೊಸೆ:

ಮಧ್ಯೆ ಬರುತ್ತಿದ್ದೇನೆ, ಬೇಜಾರು ಮಾಡಬೇಡಿ. ನಮ್ಮ ಮಾವನವರ ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿವೆ. ಕೆಲವು ಅಂಟಿಕೊಂಡಿವೆ, ಕೆಲವಕ್ಕೆ ಹುಳ ತೂತು ಮಾಡಿದೆ. ಒಬ್ಬರು ಲ್ಯಾಮಿನೇಷನ್ ಮಾಡಿಸಿ ಅಂದರು. ಮಾಡಿಸಬಹುದಾ?

ಓಲೆಗರಿ:

ಬೇಡ. ದಯವಿಟ್ಟು ಲ್ಯಾಮಿನೇಷನ್ ಬೇಡ ಮೇಡಂ. ಒಮ್ಮೆ ಬಿಸಿ ಪ್ಲಾಸ್ಟಿಕ್ ಒಳಗೆ ಹೋದ ಗರಿಯನ್ನು ಸುರಕ್ಷಿತವಾಗಿ ಹೊರಗೆ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಸೆಲ್ಲೋಟೇಪ್ ಕೂಡ ಬೇಡ. ಅದರ ಅಂಟು ಹಳದಿಯಾಗಿ ಒಳಗೆ ಇಳಿಯುತ್ತದೆ.

ಇದಕ್ಕೂ ಒಂದು ಇತಿಹಾಸ ಇದೆ. ದೆಹಲಿಯ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿ ಹಿಂದೆ ಕಾಗದಗಳಿಗೆ ಸೆಲ್ಯುಲೋಸ್ ಅಸಿಟೇಟ್ ಹಾಳೆ ಹೊದಿಸಿ ಅಸಿಟೋನ್‌ನಿಂದ ಕೈಯಲ್ಲೇ ಅಂಟಿಸುವ ಪದ್ಧತಿ ರೂಪಿಸಿದರು. ದೊಡ್ಡ ಯಂತ್ರ ಕೊಳ್ಳಲು ಹಣ ಇಲ್ಲದ ದೇಶಕ್ಕೆ ಅದು ಜಾಣ ಉಪಾಯ, ಭಾರತದ ಪದ್ಧತಿ ಅಂತಲೇ ಹೊರಗೆ ಹೆಸರಾಯಿತು. ಆಮೇಲೆ ಆ ಅಸಿಟೇಟ್ ಹಾಳೆಯೇ ಕಾಲ ಕಳೆದಂತೆ ಕೆಡುತ್ತದೆ ಅಂತ ತಿಳಿಯಿತು. ಈಗ ತೆಳು ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಬಳಸುತ್ತೇವೆ. ನೀರು ಸೋಕಿಸಿದರೆ ಬಿಡುತ್ತದೆ. ಮುಂದೆ ಬರುವವರು ನಮಗಿಂತ ಜಾಸ್ತಿ ತಿಳಿದಿರುತ್ತಾರೆ, ಅವರಿಗೆ ನಮ್ಮ ಕೆಲಸವನ್ನು ಬಿಚ್ಚಲು ಆಗಬೇಕು.

ನೀವು ಈಗ ಮಾಡಬೇಕಾದ್ದು ಇಷ್ಟೇ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಅಟ್ಟದಿಂದ ಇಳಿಸಿ, ಗಾಳಿ ಆಡುವ ನೆರಳಿನಲ್ಲಿ ಇಡಿ. ಬಿಸಿಲಿಗೆ ಬೇಡ. ಮೆತ್ತಗಿನ ಕುಂಚದಿಂದ ಮೇಲಿನ ಧೂಳು ತೆಗೆಯಿರಿ. ಕಟ್ಟಿಗೆ ಹೊಸ ಹತ್ತಿ ಬಟ್ಟೆ ಸುತ್ತಿ. ಬಜೆ ಪುಡಿಯ ಸಣ್ಣ ಗಂಟು ಪೆಟ್ಟಿಗೆಯಲ್ಲಿಡಬಹುದು, ನಮ್ಮ ಹಿರಿಯರು ಇಡುತ್ತಿದ್ದರು. ಗರಿಗೆ ತಾಗದಂತೆ ಇರಲಿ. ಗರಿ ಒಣಗಿ ಪುಡಿಯಾಗುವ ಹಾಗಿದ್ದರೆ ನಾವು ಮಜ್ಜಿಗೆ ಹುಲ್ಲಿನ ಎಣ್ಣೆ ಸವರುತ್ತೇವೆ. ಆದರೆ ಕೊರೆದ ಅಕ್ಷರಕ್ಕೆ ಮಸಿ ತುಂಬಿದ್ದಾರೋ ಇಲ್ಲವೋ, ಬೂಷ್ಟು ಇದೆಯೋ ಇಲ್ಲವೋ ನೋಡದೆ ಸವರಬಾರದು. ಅದನ್ನು ಬಲ್ಲವರಿಗೆ ಬಿಡಿ. ಮೈಸೂರಿನ ಪ್ರಯೋಗಾಲಯಕ್ಕೆ ಪತ್ರ ಬರೆದು ಕೇಳಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಅಲ್ಲೂ ಕೇಳಬಹುದು. ಎಲ್ಲ ಗರಿಗಳ ಫೋಟೋ ತೆಗೆದಿಡಿ. ಕ್ರಮ ತಪ್ಪದಂತೆ ನೋಡಿಕೊಳ್ಳಿ.

ಉಡುಪಿ_ಸೊಸೆ:

ತುಂಬಾ ಉಪಕಾರವಾಯಿತು. ಲ್ಯಾಮಿನೇಷನ್‌ಗೆ ಕೊಡಲು ಚೀಲದಲ್ಲಿ ಹಾಕಿಟ್ಟಿದ್ದರು. ಈಗಲೇ ತೆಗೆಸುತ್ತೇನೆ.

ಗುತ್ತಿಗೆಯವನು:

ಕೆಲಸದ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ. ನಾನು ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಮಾಡಿದವನು. ಈ ಕೆಲಸ ನನ್ನ ಪ್ರಾಣ. ಆದರೆ ಇದುವರೆಗೆ ಕಾಯಂ ಕೆಲಸ ಸಿಕ್ಕಿಲ್ಲ. ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು ಸಿಗುವವರೆಗೆ ಮನೆಯಲ್ಲಿ. ಹಳೆಯ ಕಟ್ಟಡ, ಗುಡಿಗಳ ಕೆಲಸ ಟೆಂಡರ್ ಮೂಲಕ ಹೋಗುತ್ತದೆ. ಕಮ್ಮಿ ದರ ಹಾಕಿದವರಿಗೆ ಸಿಗುತ್ತದೆ. ರಸ್ತೆ ಮೋರಿ ಮಾಡಿದ ಗುತ್ತಿಗೆದಾರ ಬಂದು ಶಾಸನದ ಕಲ್ಲು ತೊಳೆಯುತ್ತಾನೆ. ತಮಿಳುನಾಡಿನ ಗುಡಿಗಳಲ್ಲಿ ಮರಳು ಚಿಮ್ಮಿಸಿ ಕಲ್ಲು ಚೊಕ್ಕ ಮಾಡಲು ಹೋಗಿ ಶಾಸನದ ಅಕ್ಷರಗಳು, ಶಿಲ್ಪದ ನಯ ಸವೆದುಹೋದದ್ದು ಎಲ್ಲರಿಗೂ ಗೊತ್ತು. ಒಂದು ಕಡೆ ನಾನು ಬೇಡ ಅಂತ ಬರೆದುಕೊಟ್ಟೆ. ನನ್ನನ್ನು ಆ ಕೆಲಸದಿಂದ ಬಿಟ್ಟರು.

ರೋಮ್‌ನವರು ಹೇಳಿದ ಮಾತು ನಿಜವಾಗಿ ಮುಖ್ಯ. ಕಲಿತವರು ಮಾತ್ರ ಮುಟ್ಟಬೇಕು ಅನ್ನುವ ಕಾನೂನು ಇದ್ದರೆ ಶಾಲೆಗೆ ಬೆಲೆ, ಕಲಿತವರಿಗೆ ಕೆಲಸ. ಶಾಲೆ ಒಂದನ್ನೇ ಕಟ್ಟಿದರೆ ನನ್ನಂಥವರು ಇನ್ನಷ್ಟು ಜನ ಆಗುತ್ತಾರೆ.

ತೀರ್ಥಹಳ್ಳಿಯವಳು:

ಓದಿ ಮನಸ್ಸು ಭಾರವಾಯಿತು. ಆದರೂ ಹೇಳಿದ್ದು ಒಳ್ಳೆಯದಾಯಿತು ತಮ್ಮ. ಮಗಳು ಪಕ್ಕದಲ್ಲೇ ಕೂತು ಎಲ್ಲ ಓದಿದಳು.

ರಸಾಯನಿ:

ಗುತ್ತಿಗೆಯವರ ಮಾತು ನಿಜ. ನಾನು ಅದಕ್ಕೆ ಬಣ್ಣ ಹಚ್ಚುವುದಿಲ್ಲ. ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಪುರಾತತ್ವ ಇಲಾಖೆಯ ವಿಜ್ಞಾನ ವಿಭಾಗಕ್ಕೆ ರಸಾಯನ ತಜ್ಞರನ್ನು ಯುಪಿಎಸ್‌ಸಿ ಮೂಲಕ ಆಗಾಗ ಕರೆಯುತ್ತಾರೆ. ಅದಕ್ಕೆ ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಇದ್ದರೆ ಒಳ್ಳೆಯದು. ಮುಂಬೈಯ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯದಂಥ ದೊಡ್ಡ ಮ್ಯೂಸಿಯಂಗಳಲ್ಲಿ ತಮ್ಮದೇ ಸಂರಕ್ಷಣಾ ವಿಭಾಗ ಇದೆ. ಖಾಸಗಿಯಾಗಿ ಚಿತ್ರ ಸಂಗ್ರಹ ಮಾಡುವವರೂ ಹೆಚ್ಚುತ್ತಿದ್ದಾರೆ. ಎರಡು ಬಾಗಿಲು ತೆರೆದಿಟ್ಟುಕೊಳ್ಳಲು ಹೇಳಿ. ಎಂಎಸ್ಸಿ ಮಾಡಿ ಆಮೇಲೆ ಸಂರಕ್ಷಣೆಗೆ ಬಂದರೂ ತಡವಾಗುವುದಿಲ್ಲ.

ತೀರ್ಥಹಳ್ಳಿಯವಳ_ಮಗಳು:

ನಮಸ್ಕಾರ. ಅಮ್ಮನ ಪರವಾಗಿ ಅಲ್ಲ, ನಾನೇ ಕೇಳುತ್ತೇನೆ. ಎಂಎಸ್ಸಿ ಮಾಡುವುದೋ ನೇರವಾಗಿ ನೊಯ್ಡಾಕ್ಕೆ ಅರ್ಜಿ ಹಾಕುವುದೋ ಪರೀಕ್ಷೆ ಮುಗಿದ ಮೇಲೆ ತೀರ್ಮಾನಿಸುತ್ತೇನೆ. ಅಲ್ಲಿಯವರೆಗೆ ಸುಮ್ನೆ ಕೂರಲು ಇಷ್ಟ ಇಲ್ಲ. ಈಗಿನಿಂದಲೇ ಏನು ಅಭ್ಯಾಸ ಮಾಡಬಹುದು?

ಓಲೆಗರಿ:

ನೋಡಿ ಬರೆಯುವುದು. ಮನೆಯಲ್ಲಿರುವ ಯಾವುದಾದರೂ ಹಳೆಯ ಫೋಟೋ, ಪುಸ್ತಕ, ಫ್ರೇಮ್ ಹಾಕಿದ ಚಿತ್ರ ತೆಗೆದುಕೊ. ಮುಟ್ಟಿ ಸರಿಮಾಡಲು ಹೋಗಬೇಡ. ಅದರ ಸ್ಥಿತಿಯನ್ನು ಮಾತ್ರ ಬರೆ. ಉದ್ದ ಅಗಲ ಎಷ್ಟು, ಯಾವ ಮೂಲೆಯಲ್ಲಿ ಕಲೆ, ಕಲೆಯ ಅಂಚು ಹೇಗಿದೆ, ಹುಳ ತಿಂದದ್ದು ಮೇಲಿನಿಂದಲೋ ಹಿಂದಿನಿಂದಲೋ, ಬಣ್ಣ ಪುಡಿಯಾಗುತ್ತಿದೆಯೋ ಸುರುಳಿಯಾಗಿ ಏಳುತ್ತಿದೆಯೋ. ಒಂದು ರೇಖಾಚಿತ್ರ ಬರೆದು ಎಲ್ಲವನ್ನೂ ಗುರುತಿಸು. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದರೆ ಏಳುಬೀಳು ಕಾಣುತ್ತದೆ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅದೇ ವಸ್ತುವನ್ನು ನೋಡಿ ಮತ್ತೆ ಬರೆ. ತೀರ್ಥಹಳ್ಳಿಯ ಮಳೆ ನಿನಗೆ ಒಳ್ಳೆಯ ಪಾಠ ಮಾಡುತ್ತದೆ. ಸಂದರ್ಶನಕ್ಕೆ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗು.

ರಸಾಯನಿ:

ದ್ರಾವಕಗಳ ಅಧ್ಯಾಯವನ್ನು ಪರೀಕ್ಷೆಗೆ ಓದಿದಂತೆ ಓದಬೇಡಮ್ಮ. ಯಾವುದು ಯಾವುದನ್ನು ಕರಗಿಸುತ್ತದೆ, ಎಷ್ಟು ಬೇಗ ಆರುತ್ತದೆ, ಅಂತ ಮನಸ್ಸಿಟ್ಟು ಓದು. ನಾವು ಜಾಸ್ತಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟು ಅಸಿಟೋನ್‌ನಲ್ಲಿ ಕರಗುತ್ತದೆ, ವರ್ಷಗಳ ನಂತರವೂ ಕರಗುತ್ತದೆ. ಅದು ಯಾಕೆ ಹಾಗೆ, ಅರಗು ಯಾಕೆ ಹಾಗಲ್ಲ ಅಂತ ನಿನ್ನ ಮೇಷ್ಟ್ರನ್ನು ಕೇಳು.

ಕುಂಚದ_ಮನೆ:

ನಿನ್ನ ಗುರುಗಳ ಹತ್ತಿರ ಚಿತ್ರ ಬರೆಯುವುದನ್ನು ಬಿಡಬೇಡ ಮಗಳೇ. ರಜೆಯಲ್ಲಿ ಮೈಸೂರಿಗೆ ಬಂದರೆ ಇಲ್ಲೇ ಒಂದು ಸಂದೇಶ ಹಾಕು. ಗೆಸ್ಸೊ ಅರೆಯುವುದರಿಂದ ಹಿಡಿದು ರೇಕು ಕೂರಿಸುವವರೆಗೆ ನಮ್ಮ ಮನೆಯಲ್ಲಿ ಹೇಳಿಕೊಡುತ್ತೇನೆ, ಅಮ್ಮನನ್ನೂ ಕರೆದುಕೊಂಡು ಬಾ. ಸಫೇದ ಸೀಸದ್ದು, ವಿಷ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಅರೆಯಬೇಕು.

ರಸಾಯನಿ:

ಬಟ್ಟೆ ಸಾಲದು ಅಣ್ಣ. ಧೂಳು ತಡೆಯುವ ಮಾಸ್ಕ್ ಮತ್ತು ಕೈಗವಸು ಹಾಕಬೇಕು, ನೀವೂ ಹಾಕಿ. ನಾನೇ ಒಂದು ಡಬ್ಬ ಕಳಿಸುತ್ತೇನೆ.